1.7 ಅಂದರೆ ಮನೆಗೆ 1.7 ಮಕ್ಕಳಲ್ಲ

ಕರ್ನಾಟಕದ ಒಟ್ಟು ಫಲವತ್ತತೆ ದರ 1.7 ಎಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತು. ಆಗಿನಿಂದ ವೇದಿಕೆಯ ಮೇಲೂ ಟೀವಿಯಲ್ಲೂ ಒಂದೇ ರಾಗ: ‘ನಮ್ಮ ಹೆಂಗಸರು ಈಗ ಎರಡು ಮಕ್ಕಳನ್ನೂ ಹೆರುತ್ತಿಲ್ಲ.’ ಆ ಅಂಕಿ ಹೇಳುವುದು ಅದನ್ನಲ್ಲ. ಅದನ್ನು ಕಟ್ಟುವ ಬಗೆಯನ್ನು ದಯವಿಟ್ಟು ಒಮ್ಮೆ ನೋಡಿ.

15ರಿಂದ 49 ವಯಸ್ಸಿನ ಹೆಂಗಸರನ್ನು ಐದೈದು ವರ್ಷದ ಏಳು ಗುಂಪು ಮಾಡುತ್ತಾರೆ. ಪ್ರತಿ ಗುಂಪಿನಲ್ಲಿ ಸಾವಿರ ಹೆಂಗಸರಿಗೆ ವರ್ಷಕ್ಕೆ ಎಷ್ಟು ಶಿಶುಗಳು ಹುಟ್ಟಿದವು ಎಂದು ಬರೆದುಕೊಳ್ಳುತ್ತಾರೆ. ಲೆಕ್ಕಕ್ಕೆಂದು 35, 135, 115, 40, 12, 2, 1 ಇಟ್ಟುಕೊಳ್ಳಿ. ಕೂಡಿದರೆ 340. ಪ್ರತಿ ಗುಂಪಿಗೆ ಐದು ವರ್ಷವಾದ್ದರಿಂದ ಐದರಿಂದ ಗುಣಿಸಿ, ಸಾವಿರದಿಂದ ಭಾಗಿಸಿದರೆ 1.7. ಅಂದರೆ ಇಂದಿನ 18ರ ಹುಡುಗಿ, 28ರ ತಾಯಿ, 44ರ ಹೆಂಗಸು, ಇವರೆಲ್ಲರ ಒಂದೇ ಅವಧಿಯ ಹೆರಿಗೆಗಳನ್ನು ಪೋಣಿಸಿ ಕಟ್ಟಿದ ಕಾಲ್ಪನಿಕ ಹೆಣ್ಣಿನ ಲೆಕ್ಕ ಇದು. ಈ ವರ್ಷ ಹೆರಬೇಕಿದ್ದವಳು ಮೂರು ವರ್ಷ ಮುಂದೂಡಿದಳೆನ್ನಿ. ಕೊನೆಗೆ ಅವಳಿಗೆ ಇಬ್ಬರೇ ಮಕ್ಕಳಾದರೂ ಈ ವರ್ಷದ ದರ ಇಳಿದೇ ಇರುತ್ತದೆ.

ಜಪಾನಿನ 1966 ಇದಕ್ಕೆ ಸಾಕ್ಷಿ. ನಮ್ಮ ಸಂವತ್ಸರಗಳ ಹಾಗೆ ಅಲ್ಲೂ 60 ವರ್ಷದ ಚಕ್ರವಿದೆ. ಅದರಲ್ಲಿ ‘ಬೆಂಕಿ ಕುದುರೆ’ ವರ್ಷ ಹುಟ್ಟಿದ ಹೆಣ್ಣು ಗಂಡನಿಗೆ ಕೇಡು ಎಂಬ ನಂಬಿಕೆ. 1965ರಲ್ಲಿ 2.14 ಇದ್ದ ದರ, ಬೆಂಕಿ ಕುದುರೆ ವರ್ಷವಾದ 1966ರಲ್ಲಿ 1.58ಕ್ಕೆ ಬಿತ್ತು, 1967ರಲ್ಲಿ 2.23ಕ್ಕೆ ಏರಿತು. ಜನ ಸಂಸಾರದ ಗಾತ್ರ ಬದಲಿಸಿರಲಿಲ್ಲ, ಹೆರುವ ವರ್ಷ ತಪ್ಪಿಸಿದ್ದರು, ಅಷ್ಟೇ.

ಹಾಗೆಂದು ಎಲ್ಲ ಇಳಿಕೆಯನ್ನೂ ‘ಮುಂದೂಡಿಕೆ’ ಎಂದು ತಳ್ಳಿಹಾಕಬೇಡಿ. ದಕ್ಷಿಣ ಕೊರಿಯಾದಲ್ಲಿ 2023ರ ದರ 0.72. ಅಲ್ಲಿ ಮದುವೆಗಳೇ ಕಡಿಮೆಯಾಗಿವೆ, ಮದುವೆಯಿಲ್ಲದೆ ಮಕ್ಕಳಾಗುವುದು ಅಪರೂಪ. ಮನೆಯ ಬೆಲೆ, ಟ್ಯೂಷನ್ ಖರ್ಚು, ದುಡಿಮೆಯ ಉದ್ದ ಗಂಟೆಗಳು ಎಲ್ಲ ಸೇರಿ ಹಿಡಿದು ಜಗ್ಗುತ್ತಿವೆ.

ನಮ್ಮಲ್ಲಿ ನಡೆದಿರುವುದು ಬಹುಮಟ್ಟಿಗೆ ತದ್ವಿರುದ್ಧ, ಇದನ್ನೇ ಜನ ಗಮನಿಸುವುದಿಲ್ಲ. ತಡವಾಗಿ ಶುರು ಮಾಡಿದ್ದಕ್ಕಿಂತ ಬೇಗ ನಿಲ್ಲಿಸಿದ್ದೇ ಇಲ್ಲಿ ಹೆಚ್ಚು. ಇಪ್ಪತ್ತರ ಆಸುಪಾಸಿನಲ್ಲಿ ಮದುವೆ, ಬೆನ್ನುಬೆನ್ನಿಗೆ ಎರಡು ಹೆರಿಗೆ, ಇಪ್ಪತ್ತೈದರ ಹೊತ್ತಿಗೆ ‘ಆಪರೇಷನ್’. ಅದೇ ಸಮೀಕ್ಷೆಯಲ್ಲಿ ರಾಜ್ಯದ ವಿವಾಹಿತ ಹೆಂಗಸರ ಪೈಕಿ ಅರ್ಧಕ್ಕೂ ಹೆಚ್ಚು ಮಂದಿ ಸಂತಾನಹರಣ ಚಿಕಿತ್ಸೆ ಮಾಡಿಸಿಕೊಂಡವರು. ಇವರಿಗೆ ದಕ್ಷಿಣ ಕೊರಿಯಾದ ಮದ್ದು ಹೊಂದುವುದಿಲ್ಲ. ಮೂರನೆಯ ಮಗುವಿಗೆ ಪ್ರೋತ್ಸಾಹಧನ ಕೊಡಿ ಎನ್ನುವವರು ಮೊದಲು ಈ ಹೆಣ್ಣುಮಗಳ ವಯಸ್ಸು ನೋಡಲಿ.

ದರ ಕಂಡಾಗ ಪಕ್ಕದ ವಯೋವಾರು ಕಾಲಂ ಓದಿ. 20–24ರಲ್ಲಿ ಕುಸಿದು 30–34ರಲ್ಲಿ ಏರುತ್ತಿದ್ದರೆ ಮುಂದೂಡಿಕೆಯ ಗುರುತು. ಮೂವತ್ತರ ನಂತರ ಹೆಚ್ಚುಕಡಿಮೆ ಸೊನ್ನೆಗೆ ಇಳಿದಿದ್ದರೆ ಅಲ್ಲಿ ಬೇಗ ನಿಲ್ಲಿಸಿದ್ದಾರೆ. 40–49ರ ಹೆಂಗಸರು ಈವರೆಗೆ ಹೆತ್ತ ಮಕ್ಕಳ ಸರಾಸರಿಯನ್ನೂ ಸಮೀಕ್ಷೆಯ ವರದಿ ಕೊಡುತ್ತದೆ. ಅದು ಇಪ್ಪತ್ತು ವರ್ಷ ಹಿಂದಿನ ನಡವಳಿಕೆ ಎಂಬುದು ನೆನಪಿರಲಿ, ಆದರೆ ಅಲ್ಲಿರುವವರು ನಿಜವಾದ ಹೆಂಗಸರು.