ಸೈನಿಕರ ಮನಸ್ಸಿಗೆ ಹತ್ತು ದಿನದ ಪಾಠ

ಸೈನಿಕರಿಗೆ ಮನಸ್ಸು ಗಟ್ಟಿ ಮಾಡಿಕೊಳ್ಳುವ ತರಬೇತಿ ಬೇಕೇ ಎಂಬ ಮಾತು ಬಂದಾಗೆಲ್ಲ ಅಮೆರಿಕದ ಹೆಸರು ಬರುತ್ತದೆ. ಬೇಕು ಎನ್ನುವವರೂ ಬೇಡ ಎನ್ನುವವರೂ ಅದನ್ನೇ ತೋರಿಸುತ್ತಾರೆ. ಅಲ್ಲಿ ನಿಜಕ್ಕೂ ಆಗಿದ್ದೇನು?

1915ರಲ್ಲಿ ಬ್ರಿಟಿಷ್ ವೈದ್ಯ ಚಾರ್ಲ್ಸ್ ಮೈಯರ್ಸ್ 'ಶೆಲ್ ಶಾಕ್' (ಯುದ್ಧದಿಂದ ಸೈನಿಕರ ಮನಸ್ಸಿಗೆ ಬೀಳುವ ಪೆಟ್ಟು) ಬಗ್ಗೆ ಬರೆದರು. 1980ರಲ್ಲಿ ಪಿಟಿಎಸ್‌ಡಿ (ಭೀಕರ ಅನುಭವದ ನಂತರ ಕಾಡುವ ಮಾನಸಿಕ ಕಾಯಿಲೆ) ಅಮೆರಿಕದ ಮನೋವೈದ್ಯರ ಕಾಯಿಲೆಗಳ ಪಟ್ಟಿಗೆ ಸೇರಿತು. ಅಲ್ಲಿಯವರೆಗೂ ಮಾತೆಲ್ಲ ಹೆಚ್ಚಾಗಿ ಪೆಟ್ಟು ಬಿದ್ದ ಮೇಲಿನ ಚಿಕಿತ್ಸೆಯದೇ.

ಇರಾಕ್, ಅಫ್ಘಾನಿಸ್ತಾನ ಯುದ್ಧಗಳಲ್ಲಿ ಕಥೆ ಬದಲಾಯಿತು. 2007ರ ಏಪ್ರಿಲ್‌ನಲ್ಲಿ ಅಮೆರಿಕದ ಭೂಸೇನೆಯವರು ಅಲ್ಲಿ ಒಂದು ಸಲಕ್ಕೆ ಇರಬೇಕಾದ ಅವಧಿಯನ್ನು 12 ತಿಂಗಳಿಂದ 15ಕ್ಕೆ ಏರಿಸಲಾಯಿತು. ಮನೆಗೆ ಬಂದು ಮಗುವಿನ ಮುಖ ಪರಿಚಯ ಆಗುವಷ್ಟರಲ್ಲಿ ಮತ್ತೆ ಗಂಟುಮೂಟೆ ಕಟ್ಟಬೇಕು. ಎರಡು, ಮೂರು ಸಲ ಹೋದವರೂ ಇದ್ದರು. ಸೇನೆಯಲ್ಲಿ ಆತ್ಮಹತ್ಯೆಗಳು ವರ್ಷದಿಂದ ವರ್ಷಕ್ಕೆ ಜಾಸ್ತಿಯಾದವು.

ಆಗ, 2009ರ ಅಕ್ಟೋಬರ್‌ನಲ್ಲಿ, ಸೈನಿಕರ ಮನಸ್ಸು ಗಟ್ಟಿ ಮಾಡುವ 'ಕಾಂಪ್ರಹೆನ್ಸಿವ್ ಸೋಲ್ಜರ್ ಫಿಟ್‌ನೆಸ್' ಎಂಬ ಸೇನಾ ತರಬೇತಿ ಶುರುವಾಯಿತು. ಅದರ ಹೊಣೆ ಹೊತ್ತವರು ರೋಂಡಾ ಕಾರ್ನಮ್. 1991ರ ಕೊಲ್ಲಿ ಯುದ್ಧದಲ್ಲಿ ಹೆಲಿಕಾಪ್ಟರ್ ಬಿದ್ದು ಸೆರೆಯಾಗಿ, ಬದುಕಿ ಬಂದ ಸೇನಾ ವೈದ್ಯೆ. ಪಾಠ ಸಿದ್ಧವಾಗಿದ್ದು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ, ಮನಶ್ಶಾಸ್ತ್ರಜ್ಞ ಮಾರ್ಟಿನ್ ಸೆಲಿಗ್ಮನ್ ಅವರ ಬಳಗದಿಂದ. ಮೂಲದಲ್ಲಿ ಅದು ಶಾಲಾ ಮಕ್ಕಳು ಖಿನ್ನತೆಗೆ ಬೀಳದಂತೆ ಮಾಡಲು ರೂಪಿಸಿದ ಪಾಠ. ಸಾರ್ಜೆಂಟ್‌ಗಳು ಹತ್ತು ದಿನ ಕಲಿತು ಹೋಗಿ ತಮ್ಮ ತಂಡಕ್ಕೆ ಕಲಿಸುತ್ತಿದ್ದರು. ಒಂದು ಅಭ್ಯಾಸ ಹೀಗಿತ್ತು: ದಿನವೂ ನಡೆದ ಒಳ್ಳೆಯ ಸಂಗತಿಗಳನ್ನು ನೆನೆದು ಬರೆದಿಡುವುದು. ಸುಮ್ನೆ ತಳ್ಳಿಹಾಕುವ ಮಾತಲ್ಲ ಇದು. ನೊಂದ ಮನಸ್ಸಿಗೆ ಇಂಥ ಸಣ್ಣ ಅಭ್ಯಾಸವೂ ಆಸರೆಯಾಗಬಹುದು. ಆದರೆ ಶಾಲೆಯ ಕೋಣೆಗೂ ಬಾಂಬ್ ಹೂತಿಟ್ಟ ರಸ್ತೆಗೂ ತುಂಬಾ ದೂರ ಇದೆ, ಅಲ್ವಾ? ಮೊದಲು ಒಂದೆರಡು ದಳಗಳಲ್ಲಿ ಮಾಡಿ ನೋಡಿ, ಆಮೇಲೆ ಎಲ್ಲರಿಗೂ ಕೊಡಬಹುದಿತ್ತು. ಆ ವ್ಯವಧಾನ ಇರಲಿಲ್ಲ. ಹತ್ತು ಲಕ್ಷಕ್ಕೂ ಹೆಚ್ಚು ಸೈನಿಕರಿಗೆ ಒಂದೇ ಸಲಕ್ಕೆ ಜಾರಿಯಾಯಿತು.

ತಕರಾರುಗಳೂ ಬಂದವು. ಈ ಕಾರ್ಯಕ್ರಮದಲ್ಲಿ ಸೈನಿಕರು ತುಂಬಬೇಕಿದ್ದ ಪ್ರಶ್ನಾವಳಿಯ 'ಆಧ್ಯಾತ್ಮಿಕ' ಭಾಗದಲ್ಲಿ ಅಂಕ ಕಡಿಮೆ ಬಂದ ನಾಸ್ತಿಕ ಸೈನಿಕರು ಆಕ್ಷೇಪ ಎತ್ತಿದರು. ಪುರಾವೆ ಎಲ್ಲಿ ಎಂದು ಕೆಲವು ಮನಶ್ಶಾಸ್ತ್ರಜ್ಞರು ಕೇಳಿದರು. 2012ರಲ್ಲಿ ಕಾರ್ಯಕ್ರಮದ ಹೆಸರಿಗೆ 'ಫ್ಯಾಮಿಲಿ' (ಕುಟುಂಬ) ಎಂಬ ಪದವೂ ಸೇರಿತು. 2014ರಲ್ಲಿ ಅಮೆರಿಕದ ವೈದ್ಯಕೀಯ ತಜ್ಞರ ಸಂಸ್ಥೆ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್‌ನ ವರದಿ, ಸೇನೆಯ ಇಂಥ ಹಲವು ಕಾರ್ಯಕ್ರಮಗಳ ಹಿಂದೆ ಗಟ್ಟಿ ಪುರಾವೆ ಇಲ್ಲ ಎಂದಿತು. ತರಬೇತಿ ನಿಲ್ಲಲಿಲ್ಲ.

ಇದರ ನಡುವೆ ಇನ್ನೊಂದು ಬದಲಾವಣೆಯೂ ಆಗಿತ್ತು. ಆ 15 ತಿಂಗಳ ಅವಧಿ 2008ರಲ್ಲಿ ಮತ್ತೆ 12ಕ್ಕೆ, 2012ರಲ್ಲಿ 9ಕ್ಕೆ ಇಳಿಯಿತು. ಮನಸ್ಸು ಗಟ್ಟಿ ಮಾಡುವ ಚರ್ಚೆಯಲ್ಲಿ ಈ ಲೆಕ್ಕ ಬರುವುದೇ ಅಪರೂಪ.