66 ಡಿಗ್ರಿಯಲ್ಲಿ ಒಂದು ಗಂಟೆ

"ಅದೇನೋ ಅಲ್ಲಿ ಮನೇಲೇ ಸಾರಾಯಿ ಕಾಯಿಸ್ತಿದ್ದೀಯಂತೆ?"

ತುಮಕೂರಿನಿಂದ ಅಮ್ಮನ ಫೋನು. ನಾನಿರೋದು ಇಂಗ್ಲೆಂಡಿನ ಲೀಡ್ಸ್‌ನಲ್ಲಿ. ಅಡುಗೆಮನೆ ಮೂಲೆಯಲ್ಲಿದ್ದ ದೊಡ್ಡ ಬಕೆಟ್ಟು ವಿಡಿಯೋ ಕಾಲ್‌ನಲ್ಲಿ ತಂಗಿಯ ಕಣ್ಣಿಗೆ ಬಿದ್ದಿತ್ತು. ಅವಳು ಸುಮ್ನೆ ಇರ್ತಾಳಾ?

"ಕಾಯಿಸ್ತಿಲ್ಲಮ್ಮ. ಬಿಯರಿಗೆ ದೋಸೆ ಹಿಟ್ಟಿನ ಹಾಗೆ ಹುದುಗು ಬರಿಸ್ತಿದ್ದೀನಿ, ಅಷ್ಟೇ."

"ಎರಡೂ ಒಂದೇ. ಕುಡಿದು ಕಣ್ಣು ಹೋದ್ರೆ ಯಾರು ನೋಡ್ಕೋತಾರೆ?"

ಎರಡೂ ಒಂದೇ ಅಲ್ಲ. ಅಮ್ಮನ ಭಯಕ್ಕೆ ಕಾರಣ ಇಲ್ಲ ಅಂತಲ್ಲ. 1981ರಲ್ಲಿ ಬೆಂಗಳೂರಿನಲ್ಲಿ ಕಳ್ಳಸಾರಾಯಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. ಅವರನ್ನು ಕೊಂದದ್ದು ಮಿಥನಾಲ್. ಅದು ಕಾರ್ಖಾನೆಗಳಲ್ಲಿ ಬಳಸುವ ರಾಸಾಯನಿಕ. ದುಡ್ಡಿನಾಸೆಗೆ ಅದನ್ನು ಸಾರಾಯಿಗೆ ಬೆರೆಸಿರುತ್ತಾರೆ. ಬಾರ್ಲಿ ಹುದುಗಿದರೆ ಹುಟ್ಟುವುದು ಎಥನಾಲ್, ಅಂದರೆ ಕುಡಿಯುವ ಮದ್ಯದಲ್ಲಿರುವ ಆಲ್ಕೋಹಾಲ್. ಮಿಥನಾಲ್ ಹುಟ್ಟಿದರೂ ಲೆಕ್ಕಕ್ಕೆ ಬಾರದಷ್ಟು. ಭಟ್ಟಿ ಇಳಿಸುವ ಕೆಲಸವೇ ಇದರಲ್ಲಿಲ್ಲ. ಮನೆ ಬಿಯರಿನಲ್ಲಿ ನಿಜವಾಗಿ ಹೆದರಬೇಕಾದ್ದು ಬಾಟಲಿಗೆ. ಸಕ್ಕರೆ ಜಾಸ್ತಿಯಾದರೆ ಒಳಗೆ ಗ್ಯಾಸ್ ತುಂಬಿ ಅದು ರಾತ್ರೋರಾತ್ರಿ ಢಮಾರ್ ಅನ್ನುತ್ತದೆ.

ಕಾನೂನಿನ ಮಾತನ್ನೂ ಮುಗಿಸಿಬಿಡೋಣ. ಬ್ರಿಟನ್ನಿನಲ್ಲಿ 1880ರಿಂದ ಮನೆಯಲ್ಲಿ ಬಿಯರ್ ಮಾಡಲು ಲೈಸೆನ್ಸ್ ಬೇಕಿತ್ತು. 1963ರಲ್ಲಿ ಹಣಕಾಸು ಮಂತ್ರಿ ರೆಜಿನಾಲ್ಡ್ ಮೌಡ್ಲಿಂಗ್ ಅದನ್ನು ತೆಗೆದುಹಾಕಿದರು. ಮಾರಬಾರದು ಅನ್ನೋದೊಂದೇ ಷರತ್ತು. ಆಮೇಲೆ ಈ ಹವ್ಯಾಸ ಎಷ್ಟು ಹಬ್ಬಿತೆಂದರೆ ಔಷಧಿ ಅಂಗಡಿಗಳಲ್ಲೂ ಬಿಯರ್ ಕಿಟ್ ಮಾರುತ್ತಿದ್ದರು. ನಮ್ಮ ಕರ್ನಾಟಕದಲ್ಲಿ ಲೈಸೆನ್ಸ್ ಇಲ್ಲದೆ ಮಾಡಿದರೆ ಅಬಕಾರಿ ಕಾಯ್ದೆಯಡಿ ಅಪರಾಧ. ಅಲ್ಲಿರುವವರು ಇದನ್ನು ಓದಿ ಖುಷಿಪಡಿ, ಬಕೆಟ್ಟು ಹುಡುಕಬೇಡಿ.

ಈಗ ನನಗೆ ಬೇಕಾದ ವಿಷಯಕ್ಕೆ ಬರುತ್ತೇನೆ. ಬಿಯರ್ ಕುಡಿಯುವವರನ್ನು ಕೇಳಿ ನೋಡಿ: ಬಾರ್ಲಿಗೆ ಯೀಸ್ಟ್ ಹಾಕಿದರೆ ಬಿಯರ್ ಆಗುತ್ತೆ ಅಂತಾರೆ. ಆಗಲ್ಲ. ಬಾರ್ಲಿ ಕಾಳಿನ ತುಂಬ ಇರುವುದು ಪಿಷ್ಟ. ಬಿಯರಿಗೆ ಹಾಕುವ ಯೀಸ್ಟಿಗೆ ಪಿಷ್ಟ ಜೀರ್ಣವಾಗಲ್ಲ, ಸಕ್ಕರೆ ಬೇಕು. ಹಾಗಾದರೆ ಪಿಷ್ಟವನ್ನು ಸಕ್ಕರೆ ಮಾಡಿಕೊಡೋರು ಯಾರು?

ಬಾರ್ಲಿಯೇ.

ಕಾಳು ಅಂದರೆ ಒಂದು ಪುಟ್ಟ ಗಿಡ, ಅದರ ಜೊತೆಗೆ ಕಟ್ಟಿಕೊಟ್ಟ ಬುತ್ತಿ. ನೆನೆಹಾಕಿದರೆ ಭ್ರೂಣ ಎಚ್ಚರವಾಗುತ್ತದೆ. ಎದ್ದ ಕೂಡಲೇ ಜಿಬ್ಬರೆಲಿನ್ ಎಂಬ ಹಾರ್ಮೋನನ್ನು ಸುತ್ತಲಿನ ಪದರಕ್ಕೆ ಕಳಿಸುತ್ತದೆ. "ಹಸಿವಾಯ್ತು, ಬುತ್ತಿ ಬಿಚ್ಚಿ" ಅಂತ. ಆ ಪದರದ ಜೀವಕೋಶಗಳು ಪಿಷ್ಟ ಕತ್ತರಿಸುವ ಕಿಣ್ವ (ಎನ್‌ಜೈಮ್) ತಯಾರಿಸಲು ಶುರುಮಾಡುತ್ತವೆ. ಈ ಹಾರ್ಮೋನು ಪತ್ತೆಯಾದದ್ದು ಮಾತ್ರ ಬಾರ್ಲಿಯಲ್ಲಲ್ಲ, ಭತ್ತದ ರೋಗದಲ್ಲಿ. ಪೈರು ಸೊರಗಿ ಎತ್ತರಕ್ಕೆ ಬೆಳೆದು ಬಿದ್ದುಹೋಗುವ ಒಂದು ಕಾಯಿಲೆಗೆ ಜಪಾನಿನಲ್ಲಿ 'ಬಕಾನೆ' ಅನ್ನುತ್ತಾರೆ, 'ಪೆದ್ದು ಪೈರು' ಅಂತ ಅರ್ಥ. ಶಿಲೀಂಧ್ರವೊಂದು ಸುರಿಸುವ ಯಾವುದೋ ವಸ್ತುವೇ ಇದಕ್ಕೆ ಕಾರಣ ಅಂತ 1926ರಲ್ಲಿ ವಿಜ್ಞಾನಿ ಕುರೋಸಾವಾ ತೋರಿಸಿದರು. ಆ ಶಿಲೀಂಧ್ರದ ಹೆಸರು ಜಿಬ್ಬರೆಲ್ಲಾ. ಹಾರ್ಮೋನಿಗೆ ಹೆಸರು ಬಂದದ್ದು ಅಲ್ಲಿಂದ.

ಮಾಲ್ಟ್ ಮಾಡುವವರ ಕಿತಾಪತಿ ಇರುವುದೇ ಇಲ್ಲಿ. ಬಾರ್ಲಿಯನ್ನು ನೆನೆಸಿ, ನಾಲ್ಕೈದು ದಿನ ಮೊಳಕೆ ಬರಿಸುತ್ತಾರೆ. ಕಿಣ್ವವೆಲ್ಲ ರೆಡಿ, ಊಟ ಇನ್ನೂ ಶುರುವಾಗಿಲ್ಲ ಅನ್ನುವ ಹೊತ್ತಿಗೆ ಹದವಾದ ಬಿಸಿಗಾಳಿಯಲ್ಲಿ ಒಣಗಿಸಿಬಿಡುತ್ತಾರೆ. ಗಿಡ ಸಾಯುತ್ತದೆ. ಕಿಣ್ವ ಉಳಿಯುತ್ತದೆ. ಹೀಗೆ ಮೊಳೆತು ಒಣಗಿದ ಕಾಳೇ ಮಾಲ್ಟ್. ಎಲೆ ಹಾಕಿ, ಬಡಿಸಿ, ಕೈ ಇಡುವಷ್ಟರಲ್ಲಿ ಎಬ್ಬಿಸಿ ಕಳಿಸಿದ ಹಾಗೆ!

ಕಿಣ್ವಗಳು ಮುಖ್ಯವಾಗಿ ಎರಡು. ಪಿಷ್ಟವನ್ನು ಮಲ್ಲಿಗೆ ಮಾಲೆ ಅಂದುಕೊಳ್ಳಿ, ಒಂದೊಂದು ಹೂವೂ ಒಂದು ಗ್ಲೂಕೋಸ್. ಆಲ್ಫಾ ಅಮೈಲೇಸ್ ಕತ್ತರಿ ಹಿಡಿದ ತುಂಟ ಹುಡುಗ, ಮಾಲೆಯನ್ನು ಎಲ್ಲೆಂದರಲ್ಲಿ ತುಂಡರಿಸುತ್ತದೆ. ಬೀಟಾ ಅಮೈಲೇಸ್ ಶಿಸ್ತಿನದು. ತುದಿಯಿಂದ ಶುರುಮಾಡಿ ಎರಡೆರಡೇ ಹೂ ಕಿತ್ತುಕೊಂಡು ಬರುತ್ತದೆ. ಆ ಎರಡು ಹೂವಿನ ಜೋಡಿಯೇ ಮಾಲ್ಟೋಸ್, ಯೀಸ್ಟಿನ ಪ್ರೀತಿಯ ತಿಂಡಿ. ಮಾಲೆ ಬೇಡವಾದರೆ ಕಬ್ಬು ತಗೊಳ್ಳಿ. ಆಲ್ಫಾ ಮಚ್ಚು ಬೀಸಿ ಜಲ್ಲೆಯನ್ನು ತುಂಡು ಮಾಡುತ್ತದೆ. ಬೀಟಾ ಪ್ರತಿ ತುಂಡಿನ ಒಂದು ತುದಿಯಿಂದ ಎರಡೆರಡು ಗಿಣ್ಣು ಮುರಿಯುತ್ತದೆ. ತುಂಡು ಹೆಚ್ಚಾದಷ್ಟೂ ತುದಿ ಹೆಚ್ಚು, ತುದಿ ಹೆಚ್ಚಾದಷ್ಟೂ ಬೀಟಾಗೆ ಕೆಲಸ ಹೆಚ್ಚು. ಆದರೆ ಪಿಷ್ಟದಲ್ಲಿ ಕವಲುಗಳಿವೆ. ಕವಲು ಬಂದಲ್ಲಿ ಬೀಟಾ ನಿಂತುಬಿಡುತ್ತದೆ. ಅಲ್ಲಿ ಉಳಿದ ಮೋಟುಗಳೇ ಡೆಕ್ಸ್‌ಟ್ರಿನ್. ಯೀಸ್ಟಿಗೆ ಅದು ಬೇಡ. ಬಿಯರಿನ ಮೈ ತುಂಬಿಕೊಳ್ಳಲು ಅದೇ ಬೇಕು.

ಮಜಾ ಏನೆಂದರೆ ಬೀಟಾಗೆ 62ರಿಂದ 65 ಡಿಗ್ರಿ ಹಿತ. 70ರಲ್ಲಿ ಅದು ಬೇಗನೆ ಕೆಟ್ಟುಹೋಗುತ್ತದೆ, ಆಲ್ಫಾ ಇನ್ನೂ ಕೆಲಸ ಮಾಡುತ್ತಿರುತ್ತದೆ. ಹಾಗಾಗಿ ಮಾಲ್ಟನ್ನು ಬಿಸಿನೀರಿನಲ್ಲಿ ನೆನೆಸಿ 63ರಲ್ಲಿ ಇಟ್ಟರೆ ತೆಳ್ಳಗಿನ, ಸಿಹಿ ಉಳಿಯದ ಬಿಯರ್. 69ರಲ್ಲಿ ಇಟ್ಟರೆ ದಪ್ಪ ಬಿಯರ್. ಮಾಲ್ಟ್ ಅದೇ, ನೀರು ಅದೇ, ಆರು ಡಿಗ್ರಿಯಲ್ಲಿ ರುಚಿಯೇ ಬೇರೆ. ನಾನು ನಡುವೆ 66 ಹಿಡಿಯುತ್ತೇನೆ.

ನನ್ನ ಸಲಕರಣೆ ಒಂದು ಹಳೇ ಪಿಕ್ನಿಕ್ ಐಸ್‌ಬಾಕ್ಸ್. ಅದರೊಳಗೆ ತರಿತರಿಯಾಗಿ ಒಡೆದ ಐದು ಕಿಲೋ ಮಾಲ್ಟ್, 73 ಡಿಗ್ರಿಯ 13 ಲೀಟರ್ ನೀರು. ಕಾಳು ತಣ್ಣಗಿರುವುದರಿಂದ ಎರಡೂ ಬೆರೆತಾಗ 66ಕ್ಕೆ ಬಂದು ನಿಲ್ಲುತ್ತದೆ. ಮುಚ್ಚಿ ಒಂದು ಗಂಟೆ ಬಿಡಬೇಕು. ಮೊದಲು ಅಂಬಲಿಯಂಥ ವಾಸನೆ, ಆಮೇಲೆ ಹಾರ್ಲಿಕ್ಸ್ ಘಮ. ಮುಗಿಯಿತೋ ಇಲ್ಲವೋ ನೋಡಲು ಬಿಳಿ ಪಿಂಗಾಣಿ ತಟ್ಟೆಗೆ ಒಂದು ಚಮಚ ರಸ ತೆಗೆದು, ತಣ್ಣಗಾದ ಮೇಲೆ ಒಂದು ಹನಿ ಅಯೋಡಿನ್ ಬಿಡುತ್ತೇನೆ. ಪಿಷ್ಟದ ಉದ್ದ ಸರಪಳಿ ಸ್ಪ್ರಿಂಗಿನಂತೆ ಸುತ್ತಿಕೊಂಡಿರುತ್ತದೆ. ಅಯೋಡಿನ್ ಅದರೊಳಗೆ ಸೇರಿಕೊಂಡರೆ ಕಡುನೀಲಿ. ಸರಪಳಿ ಚೂರಾಗಿದ್ದರೆ ಸುತ್ತಿಕೊಳ್ಳಲು ಉದ್ದವೇ ಇಲ್ಲ. ಹನಿ ಕಂದಾಗಿಯೇ ಉಳಿಯುತ್ತದೆ.

ನನ್ನ ಮೂರನೇ ಸಲದ ಹನಿ ಶಾಯಿಯ ಹಾಗೆ ಕಪ್ಪಾಯಿತು. ಅವಸರದಲ್ಲಿ ಕುದಿಯಲು ಬಂದ ನೀರನ್ನೇ ಸುರಿದಿದ್ದೆ. ಥರ್ಮಾಮೀಟರ್ ಇಟ್ಟು ನೋಡಿದರೆ 84! ಕಿಣ್ವಗಳೆಲ್ಲ ಬೆಂದುಹೋಗಿದ್ದವು. ಬಾಕ್ಸಿನಲ್ಲಿ ಇದ್ದದ್ದು ಬರೀ ಬಾರ್ಲಿ ಗಂಜಿ. ಅದನ್ನು 66ಕ್ಕೆ ಆರಿಸಿ, ಡಬ್ಬದಲ್ಲಿದ್ದ ಇನ್ನೊಂದು ಕಿಲೋ ಹೊಸ ಮಾಲ್ಟ್ ಬೆರೆಸಿದೆ. ಒಂದೂವರೆ ಗಂಟೆಯ ನಂತರ ಹನಿ ಕಂದಾಗಿತ್ತು. ಒಂದು ಕಿಲೋದ ಕಿಣ್ವ ಐದು ಕಿಲೋದ ಪಿಷ್ಟವನ್ನೂ ಕತ್ತರಿಸಿ ಹಾಕಿತ್ತು. ಕತ್ತರಿಸಿದರೆ ಕತ್ತರಿ ಖರ್ಚಾಗಲ್ಲ ಅಲ್ವಾ?

ವಿಜ್ಞಾನಿಗಳು ಮೊದಲು ಬೇರ್ಪಡಿಸಿದ ಕಿಣ್ವ ಇದೇ. 1833ರಲ್ಲಿ ಫ್ರಾನ್ಸಿನ ಪಾಯೆನ್ ಮತ್ತು ಪೆರ್ಸೊ ಮಾಲ್ಟ್ ರಸಕ್ಕೆ ಆಲ್ಕೋಹಾಲ್ ಹಾಕಿ ಒಂದು ಬಿಳಿ ಪುಡಿ ತೆಗೆದರು. ಅದು ಪಿಷ್ಟವನ್ನು ಸಕ್ಕರೆ ಮಾಡುತ್ತಿತ್ತು. 'ಡಯಾಸ್ಟೇಸ್' ಅಂತ ಹೆಸರಿಟ್ಟರು. ಇವತ್ತು ಲ್ಯಾಕ್ಟೇಸ್, ಲೈಪೇಸ್ ಅಂತ ಕಿಣ್ವಗಳ ಹೆಸರೆಲ್ಲ 'ಏಸ್' ಅಂತ ಮುಗಿಯುವುದು ಆ ಹೆಸರಿನ ಬಾಲ ಹಿಡಿದೇ.

ಇದನ್ನೆಲ್ಲ ಅಮ್ಮನಿಗೆ ಹೇಗೆ ಹೇಳೋದು? ರಾಗಿಯಿಂದ. ನಮ್ಮಲ್ಲಿ ಮಗುವಿಗೆ ರಾಗಿ ಸರಿ ಮಾಡುವಾಗ ರಾಗಿಯನ್ನು ಮೊಳಕೆ ಕಟ್ಟುತ್ತಾರಲ್ಲ, ಅದೂ ಮಾಲ್ಟೇ. ಹುರಿಯದೆ, ಬರೀ ಒಣಗಿಸಿ ಬೀಸಿದ ಮೊಳಕೆ ರಾಗಿ ಹಿಟ್ಟಿನಲ್ಲಿ ಅಮೈಲೇಸ್ ಜೀವಂತ. ಗಟ್ಟಿ ಅನ್ನದ ಗಂಜಿಯನ್ನು ಬೆರಳು ಅದ್ದಲಾಗದಷ್ಟು, ಆದರೆ ಕುದಿಯದಷ್ಟು ಬಿಸಿಗೆ ಆರಿಸಿ, ಒಂದು ಚಮಚ ಈ ಹಿಟ್ಟು ಕಲಸಿ. ನೋಡುನೋಡುತ್ತ ಸೌಟಿನಿಂದ ಜಾರುತ್ತದೆ, ನಾಲಿಗೆಗೆ ಸಿಹಿಯಾಗುತ್ತದೆ. ಇದೇ ಗುಣವನ್ನು ಹಿಡಿದು ಮೈಸೂರಿನ ಆಹಾರ ಸಂಶೋಧನಾಲಯ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ಮೊಳಕೆ ರಾಗಿಯಿಂದ ಮಕ್ಕಳ ಆಹಾರ ರೂಪಿಸಿದರು. ಗಂಜಿ ತೆಳ್ಳಗಾದರೆ ಮಗು ಅದೇ ಬಟ್ಟಲಿನಲ್ಲಿ ಜಾಸ್ತಿ ಹಿಟ್ಟು ತಿನ್ನಬಹುದು.

ಬಿಯರಿನ ಉಳಿದ ಕೆಲಸ ಸಲೀಸು. ರಸ ಸೋಸಿ, ಹಾಪ್ಸ್ ಹೂ ಹಾಕಿ ಒಂದು ಗಂಟೆ ಕುದಿಸೋದು. ಕಹಿ ಬರುತ್ತೆ, ಕ್ರಿಮಿಯೂ ಸಾಯುತ್ತೆ. ತಣಿಸಿ ಯೀಸ್ಟ್ ಹಾಕಿ ಎರಡು ವಾರ ಮುಟ್ಟಬಾರದು. ನೀರಿಗಿಂತ ರಸ ಎಷ್ಟು ಸಾಂದ್ರ ಅಂತ ಅಳೆಯುವ ಹೈಡ್ರೋಮೀಟರ್ ಮೊದಲು 1.050 ತೋರಿಸಿ, ಕೊನೆಗೆ 1.010ಕ್ಕೆ ಇಳಿದರೆ ಆಲ್ಕೋಹಾಲ್ ಸುಮಾರು 5.2 ಶೇಕಡ. ಬಾಟಲಿಗೆ ಹಾಕುವಾಗ ಲೀಟರಿಗೆ ಆರು ಗ್ರಾಂ ಸಕ್ಕರೆ. ಬುರುಗು ಬರುವುದು ಅದರಿಂದ, ಢಮಾರ್ ಆಗುವುದೂ ಅದರಿಂದಲೇ.

ಮೊನ್ನೆ ವಿಡಿಯೋದಲ್ಲಿ ಅಮ್ಮನಿಗೆ ರಸ ಸೋಸಿದ ಮೇಲೆ ಉಳಿದ ಚರಟ ತೋರಿಸಿದೆ. ಆರೇಳು ಕಿಲೋ, ಇನ್ನೂ ಹಬೆಯಾಡುತ್ತಿತ್ತು.

"ಇದನ್ನೇನು ಮಾಡ್ತೀಯ?"

"ಗೊಬ್ಬರದ ಡಬ್ಬಕ್ಕೆ ಹಾಕ್ತೀನಿ."

"ಅಯ್ಯೋ, ಒಳ್ಳೇ ಬೂಸಾ ಕಣೋ ಅದು. ಒಂದು ಹಸು ಆದ್ರೂ ಕಟ್ಟಬಾರದಾ?"