200 ಕಿಮೀ ತುಳಿದ ಮೇಲೆ ಮುಂದಿನ ಇಂಟರ್ವಲ್ ಯಾವಾಗ?

"ಭಾನುವಾರ 200ರ ಬ್ರೆವೆ ಮುಗಿಸಿದೆ ಸರ್, ಕಾಲು ನೋವೇ ಇಲ್ಲ, ಮಂಗಳವಾರ ನಂದಿ ರಿಪೀಟ್ಸ್ ಮಾಡ್ಲಾ?" ಕ್ಲಿನಿಕ್‌ಗೆ ಬರೋ ರೈಡರ್‌ಗಳು ಇದನ್ನ ಕೇಳ್ತಾನೇ ಇರ್ತಾರೆ. ಬ್ರೆವೆ ಅಂದ್ರೆ ನಿಗದಿತ ಸಮಯದೊಳಗೆ ಮುಗಿಸಬೇಕಾದ ಲಾಂಗ್ ರೈಡ್. ನಂದಿ ರಿಪೀಟ್ಸ್ ಅಂದ್ರೆ ನಂದಿ ಬೆಟ್ಟವನ್ನ ಮತ್ತೆ ಮತ್ತೆ ಜೋರಾಗಿ ಹತ್ತೋದು, ಅದೂ ಒಂಥರ ಇಂಟರ್ವಲ್ಲೇ: ಜೋರಾಗಿ ತುಳಿದು, ಸ್ವಲ್ಪ ಬ್ರೇಕ್ ಕೊಟ್ಟು, ಮತ್ತೆ ಜೋರಾಗಿ ತುಳಿಯೋ ಟ್ರೈನಿಂಗ್. ನಾನು ಹೆಚ್ಚಾಗಿ ಬೇಡ ಅಂತಾನೇ ಹೇಳೋದು.

ಸೈಕ್ಲಿಂಗ್‌ನಲ್ಲಿ ನೋವನ್ನ ನಂಬೋಕಾಗಲ್ಲ. ಓಡೋವಾಗ ಪ್ರತಿ ಹೆಜ್ಜೆಗೂ ತೊಡೆಯ ಸ್ನಾಯು ಮೈಭಾರ ತಡೀತಾ ಎಳೆದುಕೊಳ್ಳುತ್ತೆ, ಅದಕ್ಕೇ ಮ್ಯಾರಥಾನ್ ಓಡಿದವರು ಮಾರನೇ ದಿನ ಮೆಟ್ಟಿಲು ಇಳಿಯೋಕೆ ಒದ್ದಾಡ್ತಾರೆ. ಪೆಡಲ್ ತುಳಿಯೋವಾಗ ಸ್ನಾಯು ಹೆಚ್ಚಾಗಿ ಬಿಗಿಯೋದು ಅಷ್ಟೇ, ಹಾಗಾಗಿ ಹತ್ತು ಗಂಟೆ ತುಳಿದ್ರೂ ಆ ಥರ ನೋವು ಬರಲ್ಲ. ನೋವಿಲ್ಲ ಅಂದಮಾತ್ರಕ್ಕೆ ಕಾಲು ರೆಡಿ ಇದೆ ಅಂತಲ್ಲ. ಖಾಲಿಯಾಗಿರೋದು ಒಳಗಿನ ಗ್ಲೈಕೋಜನ್, ಅಂದ್ರೆ ಸ್ನಾಯು ಕೂಡಿಟ್ಟುಕೊಂಡಿರೋ ಸಕ್ಕರೆ, ಅದು ತುಂಬೋಕೆ ಚೆನ್ನಾಗಿ ತಿಂದ್ರೂ ಸುಮಾರು ಒಂದು ದಿನ ಬೇಕು, ಸರಿಯಾಗಿ ತಿನ್ನದೇ ಹೋದ್ರೆ ಇನ್ನೂ ಜಾಸ್ತಿ.

ನಮ್ಮವರು ಎಡವೋದು ಇಲ್ಲೇ. ರೈಡ್ ಮುಗಿಸಿ ಒಂದು ಮಸಾಲೆ ದೋಸೆ, ಒಂದು ಕಾಫಿ, ಆಮೇಲೆ ಸಂಜೆವರೆಗೂ ನಿದ್ದೆ. 65 ಕೆಜಿ ಇರೋರಿಗೆ ಅವತ್ತು ಮತ್ತು ಮಾರನೇ ದಿನ, ದಿನಕ್ಕೆ 400 ಗ್ರಾಂ ಆಸುಪಾಸು ಕಾರ್ಬ್ಸ್ ಬೇಕು. ನೂರು ಗ್ರಾಂ ಅನ್ನದಲ್ಲಿ ಇರೋದು ಸುಮಾರು 28 ಗ್ರಾಂ, ಒಂದು ಬಾಳೆಹಣ್ಣಲ್ಲಿ 25ರ ಹತ್ರ, ಲೆಕ್ಕ ಹಾಕಿ ನೋಡಿ ಎಷ್ಟು ತಿನ್ನಬೇಕು ಅಂತ. ಡಯಟ್ ಅಂತ ರಾತ್ರಿ ಅನ್ನ ಬಿಡೋರು ಆ ಎರಡು ದಿನ ದಯವಿಟ್ಟು ಬಿಡಬೇಡಿ, ಮುದ್ದೆ ಸಾರು, ಮೊಸರನ್ನ, ಜೊತೆಗೆ ಮೊಟ್ಟೆನೋ ಪನೀರೋ ಬೇಳೇನೋ, ಊಟಕ್ಕೆ 20 ಗ್ರಾಂ ಪ್ರೋಟೀನ್ ಬರೋ ಹಾಗೆ ನೋಡ್ಕೊಳ್ಳಿ. ನೀರಿನ ವಿಷಯಕ್ಕೆ ಬಂದ್ರೆ ರೈಡ್‌ಗೆ ಮುಂಚೆ, ಆಮೇಲೆ ತೂಕ ನೋಡಿ, ಒಂದು ಕೆಜಿ ಇಳಿದಿದ್ರೆ ಸುಮಾರು ಒಂದೂವರೆ ಲೀಟರ್, ಅದೂ ಒಂದೇ ಸಲ ಅಲ್ಲ, ಬರೀ ನೀರೂ ಅಲ್ಲ, ಉಪ್ಪು ಹಾಕಿದ ಮಜ್ಜಿಗೆ ತುಂಬಾ ಒಳ್ಳೇದು.

ಲ್ಯಾಕ್ಟಿಕ್ ಆ್ಯಸಿಡ್ ತೆಗೆಸಬೇಕು ಅಂತ ಮಾರನೇ ದಿನ ಮಸಾಜ್‌ಗೆ ಬರೋರು ಇದಾರೆ. ರೈಡ್ ಮುಗಿದು ಒಂದು ಗಂಟೆ ಆಗೋಷ್ಟರಲ್ಲಿ ಅದು ಮಾಮೂಲಿ ಮಟ್ಟಕ್ಕೆ ಬಂದಿರುತ್ತೆ. ಮಸಾಜ್ ಹಿತ ಅನ್ಸಿದ್ರೆ ಮಾಡಿಸ್ಕೊಳ್ಳಿ, ಆದ್ರೆ ಅದಕ್ಕಿಂತ ಒಂದು ಗಂಟೆ ಜಾಸ್ತಿ ನಿದ್ದೆ ಮಾಡಿದ್ರೆ ನಂಗೆ ಖುಷಿ.

ಸೋಮವಾರ ರೆಸ್ಟ್, ಮಂಗಳವಾರ ಮಾತಾಡ್ತಾ ತುಳಿಯೋಷ್ಟು ಹಗುರಾಗಿ 40 ನಿಮಿಷ, ಬುಧವಾರನೋ ಗುರುವಾರನೋ ಇಂಟರ್ವಲ್. ಅವತ್ತೂ ಮೊದಲನೇ ಎಫರ್ಟ್, ಅಂದ್ರೆ ಜೋರಾಗಿ ತುಳಿಯೋ ಮೊದಲನೇ ಸುತ್ತನ್ನ, ಪರೀಕ್ಷೆ ಅಂತ ಇಟ್ಕೊಳ್ಳಿ. ಯಾವಾಗ್ಲೂ 230 ವಾಟ್‌ಗೆ (ಪೆಡಲ್‌ಗೆ ಹಾಕೋ ಪವರ್‌ನ ಅಳತೆ) ನಿಮ್ಮ ಹಾರ್ಟ್ ರೇಟ್ 168 ಹೋಗ್ತಿತ್ತು ಅಂದ್ಕೊಳ್ಳಿ, ಇವತ್ತು ಅದೇ ವಾಟ್‌ಗೆ ಜೀವ ಹೋಗೋ ಹಾಗೆ ತುಳೀತಿದೀರ, ಆದ್ರೂ 155 ದಾಟ್ತಿಲ್ಲ. "ಹಾರ್ಟ್ ರೇಟ್ ಕಮ್ಮಿ ಇದೆ, ಫಿಟ್‌ನೆಸ್ ಜಾಸ್ತಿ ಆಗಿದೆ" ಅಂತ ಖುಷಿ ಪಡೋರನ್ನ ನೋಡಿದೀನಿ, ಅದು ಸುಸ್ತಿನ ಗುರುತು, ಸೈಕಲ್ ತಿರುಗಿಸಿ ಮನೆಗೆ ಹೋಗಿ. ಫಿಟ್‌ನೆಸ್ ಜಾಸ್ತಿ ಆಗಿದ್ರೆ ತುಳಿಯೋದೂ ಹಗುರ ಅನ್ನಿಸಬೇಕು.

ಎಫರ್ಟ್‌ಗಳ ಮಧ್ಯದ ಬ್ರೇಕ್ ಬಗ್ಗೆ ತುಂಬಾ ಜನಕ್ಕೆ ಅವಸರ. ಜೋರಾಗಿ ತುಳಿಯೋಕೆ ಬೇಕಾಗೋ ಫಾಸ್ಫೋಕ್ರಿಯೇಟಿನ್ (ಸ್ನಾಯುವಿನ ದಿಢೀರ್ ಇಂಧನ) ಅರ್ಧ ಭಾಗ ಅರ್ಧ ನಿಮಿಷದಲ್ಲೇ ವಾಪಸ್ ಬರುತ್ತೆ, ಹೆಚ್ಚುಕಮ್ಮಿ ಪೂರ್ತಿ ಬರೋಕೆ ಮೂರರಿಂದ ಐದು ನಿಮಿಷ. ಹಾಗಾಗಿ ನಾಲ್ಕು ನಿಮಿಷದ ಎಫರ್ಟ್‌ಗೆ ಮೂರು ನಾಲ್ಕು ನಿಮಿಷ ಬ್ರೇಕ್ ಕೊಡಿ, ಲಾಂಗ್ ರೈಡ್ ಆದ ವಾರ ಐದು ಕೊಟ್ರೂ ತಪ್ಪಿಲ್ಲ, ನಿಂತುಬಿಡಬೇಡಿ, ಸಣ್ಣ ಗೇರಲ್ಲಿ ಕಾಲು ತಿರುಗಿಸ್ತಾ ಇರಿ. ಮೂರನೇ ಎಫರ್ಟ್‌ನಲ್ಲಿ ಪವರ್ ಕುಸಿದ್ರೆ ಅಲ್ಲಿಗೇ ಮುಗಿಸಿ, ನಾಲ್ಕನೇದರಿಂದ ಸಿಗೋದು ಬರೀ ಸುಸ್ತು.

ಇನ್ನೊಂದು ಮುಖ್ಯ ವಿಷಯ, ಲಾಂಗ್ ರೈಡ್ ಮುಗಿಸಿ ಮೈಯಲ್ಲಿ ನೀರು ಕಮ್ಮಿ ಇರೋವಾಗ ಐಬುಪ್ರೊಫೆನ್ ಥರದ ಪೇನ್‌ಕಿಲ್ಲರ್ ನುಂಗಬೇಡಿ, ಕಿಡ್ನಿಗೆ ಹೊಡೆತ. ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದ್ರೆ, ತೊಡೆ ಊದಿಕೊಂಡು ಕಲ್ಲಿನ ಹಾಗೆ ಗಟ್ಟಿಯಾಗಿದ್ರೆ ನಂಗೆ ವಾಟ್ಸಾಪ್ ಮಾಡ್ತಾ ಕೂರಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ ಬ್ಲಡ್ ಟೆಸ್ಟ್ ಮಾಡಿಸಿ.